ಹಿಮದ ಲಾರಿಯ ಸಿನಿಮಾ

ಡಿಸೆಂಬರ್ 4, ಬೆಳಿಗ್ಗೆ

ಕುತ್ತಿಗೆಯ ತೂತು ತೊಳೆದಾಯಿತು. ಕನ್ನಡಿ, ಬಿಸಿನೀರು, ಹತ್ತಿ — ಹಲ್ಲುಜ್ಜುವಷ್ಟೇ ಮಾಮೂಲಾಗಿದೆ. ಅದರ ಮೇಲೆ ಹೆಂಡತಿ ನಂಬೂಜೆ ಹೊಲಿದುಕೊಟ್ಟ ಬಟ್ಟೆ ಕಟ್ಟಿದೆ. ಇವತ್ತು ನೀಲಿ.

ಚಹಾ ಸುಡುತ್ತಿತ್ತು. ಮರೆತು ಊದಲು ಹೋದೆ. ಉಸಿರು ಬಾಯಿಂದ ಬರುವುದೇ ಇಲ್ಲವಲ್ಲ. ಕುತ್ತಿಗೆಯ ಬಟ್ಟೆ ಪಟಪಟ ಹಾರಿತು, ಅಷ್ಟೇ. ನಂಬೂಜೆ ನೋಡಿದಳು. ಲೋಟ ತೆಗೆದುಕೊಂಡು, ತಾನೇ ಊದಿ, ವಾಪಸ್ ಕೊಟ್ಟಳು.

ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದು ಐದು ತಿಂಗಳಾಯಿತು. ಕಂಪಾಲದ ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದ್ದಳು — ದಿನಾ ಬರೀರಿ, ಒಳಗೇ ಇಟ್ಕೊಂಡ್ರೆ ಕೊಳೆಯುತ್ತೆ ಅಂತ. ಸ್ಲೇಟಿನಲ್ಲಿ ಬರೆಯುವುದು ಮನೆಯವರಿಗೆ. ಇದು ಯಾರಿಗೂ ಅಲ್ಲ.

ಸಂತೆಯಲ್ಲಿ ಒಬ್ಬ ಲಾರಿ ಡ್ರೈವರ್ ಕಿಟಕಿಯಿಂದ ಕೂಗಿದ. ವೀಜೆ ಎಂಗಲಬಿ, ಈ ಕ್ರಿಸ್‌ಮಸ್‌ಗೆ ಯಾವ ಸಿನಿಮಾ? ಅವನಿಗೆ ಸುದ್ದಿ ಮುಟ್ಟಿಲ್ಲ. ವೀಜೆ ಅಂದರೆ ಇಂಗ್ಲಿಷ್ ಸಿನಿಮಾ ಓಡುವಾಗ ಜೊತೆಜೊತೆಗೇ ನಮ್ಮ ಭಾಷೆಯಲ್ಲಿ ಹೇಳುವವನು, ಎಂಗಲಬಿ ಅಂದರೆ ನಮ್ಮ ಉದ್ದನೆಯ ಡೋಲು. ನನ್ನ ಸಿನಿಮಾ ಹಾಲ್ ಒಳಗೆ ನಾನು ಮೈಕ್ ಹಿಡಿದು ಸಿನಿಮಾ ಹೇಳಿದರೆ ಮಸಾಕ ಹೆದ್ದಾರಿಯವರೆಗೂ ಕೇಳುತ್ತದೆ ಅಂತ ಈ ಡ್ರೈವರುಗಳೇ ಇಟ್ಟ ಹೆಸರು.

ಕೈ ಎತ್ತಿದೆ. ನಕ್ಕೆ. ನಗುವಿಗೂ ಈಗ ಸದ್ದಿಲ್ಲ.

ಡಿಸೆಂಬರ್ 7

ಅಮ್ಮ ಕೇಳಿದಳು. ಕೇಳುತ್ತಾಳೆ ಅಂತ ಗೊತ್ತಿತ್ತು.

"ಹಿಟ್ಟಿನ ಸಿನಿಮಾ ಹಾಕ್ತೀಯ ತಾನೆ?"

ಅವಳಿಗೆ ಹಿಮ ಅಂದರೆ ಹಿಟ್ಟು. ಮೊದಲ ಸಲ ಆ ಸಿನಿಮಾ ಹೇಳುವಾಗ ಹಿಮವನ್ನು ಹೇಗೆ ಹೇಳುವುದೋ ತಿಳಿಯದೆ, ಆಕಾಶದಲ್ಲಿ ಯಾರೋ ಮೆಕ್ಕೆಜೋಳದ ಹಿಟ್ಟಿನ ಮೂಟೆ ಒಡೆದಿದ್ದಾರೆ ಅಂದುಬಿಟ್ಟಿದ್ದೆ. ಅಷ್ಟು ಹಿಟ್ಟು ನೆಲಕ್ಕೆ ಚೆಲ್ಲಿದವರನ್ನು ಅಮ್ಮ ವರ್ಷಾ ವರ್ಷಾ ಬೈಯುತ್ತಾಳೆ. ಬೈದು ಮುಗಿಸಿ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಸಿನಿಮಾದಲ್ಲಿ ಅದು ಹಬ್ಬದ ಹಿಂದಿನ ದಿನ, ಬೆಟ್ಟದ ರಸ್ತೆ ಹಿಮ ಬಿದ್ದು ಮುಚ್ಚಿಹೋಗಿದೆ. ಜನ ನಡುದಾರಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ಹಿಮ ಬಾಚುವ ಲಾರಿಯವನೊಬ್ಬ ಎಲ್ಲರಿಗೂ ದಾರಿ ಬಿಡಿಸಿ, ಕೊನೆಗೆ ತನ್ನ ಮಗಳ ಹತ್ತಿರ ಹೋಗಬೇಕು. ಅಷ್ಟೇ ಕಥೆ. ಮಕ್ಕಳು ಚಿಕ್ಕವರಿದ್ದಾಗಿನಿಂದ ನಮ್ಮ ಕ್ರಿಸ್‌ಮಸ್ ಊಟ ಮುಗಿದ ಮೇಲೆ ಅದೇ ಸಿನಿಮಾ. ಹಾಲ್‌ನ ಬಾಗಿಲು ಹಾಕಿ, ಮನೆಯವರಿಗೆ ಮಾತ್ರ. ಊರವರಿಗೆ ಆಮೇಲೆ.

ಅಮ್ಮನಿಗೆ ಓದು ಬಾರದು. ಸ್ಲೇಟು ಅವಳ ಮುಂದೆ ಬರೀ ಕಪ್ಪು ಹಲಗೆ. ಅವಳ ಅಂಗೈ ಹಿಡಿದು ಮೆಲ್ಲಗೆ ತಟ್ಟಿದೆ. ಹೂಂ ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಿರಲಿಲ್ಲ. ಅವಳು ಹೂಂ ಅಂದುಕೊಂಡಳು.

ಡಿಸೆಂಬರ್ 12

ನಮ್ಮೂರಿನ ಕಗಿಮು ಬಂದಿದ್ದ. ಹಾಲ್ ತನಗೆ ಬಾಡಿಗೆಗೆ ಕೊಡು ಅನ್ನುತ್ತಾನೆ. ಫುಟ್‌ಬಾಲ್ ಮ್ಯಾಚ್ ತೋರಿಸುತ್ತಾನಂತೆ. ಒಳ್ಳೆಯ ಮನುಷ್ಯ, ಮೋಸವಿಲ್ಲ. ಫುಟ್‌ಬಾಲಿಗೆ ಮಾತು ಬೇಕಿಲ್ಲ, ಜನವೇ ಕೂಗಿಕೊಳ್ಳುತ್ತಾರೆ ಅಂದ. ಅಂದ ಮೇಲೆ ನನ್ನ ಕುತ್ತಿಗೆ ನೋಡಿ ಮುಖ ಸಪ್ಪಗೆ ಮಾಡಿಕೊಂಡ. ಪರವಾಗಿಲ್ಲ ಅಂತ ಬೆನ್ನು ತಟ್ಟಿದೆ.

ಹಬ್ಬ ಕಳೆದ ಮೇಲೆ ಬೀಗದ ಕೈ ಕೊಡುತ್ತೇನೆ ಅಂತ ಸ್ಲೇಟಿನಲ್ಲಿ ಬರೆದೆ. ನಂಬೂಜೆ ಒಳಗೆ ಬಾಳೆಕಾಯಿ ಹೆರೆಯುತ್ತಿದ್ದಳು. ಚಾಕುವಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಡಿಸೆಂಬರ್ 20

ಏಳೆಂಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ.

ಮಗಳು ನಲ್ವೋಗ ಎಂಬರಾರದಿಂದ ಫೋನ್ ಮಾಡಿದ್ದಳು. ನಂಬೂಜೆ ಸ್ಪೀಕರ್‌ಗೆ ಹಾಕಿದಳು. ಈ ಸಲ ಸಿನಿಮಾ ಬೇಡ, ಸುಮ್ಮನೆ ಊಟ ಮಾಡಿ ಫೋಟೊ ತೆಗೆಸಿಕೊಳ್ಳೋಣ, ಅಪ್ಪನಿಗೆ ಯಾಕೆ ಹಿಂಸೆ ಅಂದಳು. ನಾನು ಪಕ್ಕದಲ್ಲೇ ಇದ್ದೇನೆ ಅಂತ ಅವಳಿಗೆ ತಿಳಿದಿರಲಿಲ್ಲ. ಮಾತಾಡದವನು ಫೋನಿನಲ್ಲಿ ಇರುವುದೇ ಇಲ್ಲ.

ಡಿಸೆಂಬರ್ 23, ಮಧ್ಯಾಹ್ನ

ಮಗ ವಮಾಲ ಬಂದ, ಕಂಪಾಲದಿಂದ, ಹೆಂಡತಿ ಮಗಳ ಜೊತೆ. ಬಸ್ಸಿನಲ್ಲಿ ಕೋಳಿಗಿಂತ ಜನ ಜಾಸ್ತಿ ಅಂತ ಬೈಯುತ್ತಲೇ ಇಳಿದ. ಮೊಮ್ಮಗಳು ಕಿರಾಬೊ ಎಷ್ಟೆತ್ತರ ಆಗಿದ್ದಾಳೆ! ಆರು ತುಂಬಿದೆ. ಓಡಿ ಬಂದವಳು ನನ್ನ ಕುತ್ತಿಗೆಯ ಬಟ್ಟೆ ನೋಡಿ ನಡುವೆಯೇ ನಿಂತಳು. ಬಟ್ಟೆ ಉಸಿರಿಗೆ ಒಳಗೆ ಹೊರಗೆ ಆಡುತ್ತದೆ. ಒಳಗೆ ಏನೋ ಪ್ರಾಣಿ ಇದ್ದ ಹಾಗೆ ಕಂಡಿರಬೇಕು. ಅವಳಮ್ಮ ಮಂಡಿಯೂರಿ ನಮಸ್ಕಾರ ಮಾಡು ಅಂತ ತಳ್ಳಿದಳು. ದೂರದಲ್ಲೇ ಮಂಡಿಯೂರಿ, ಎದ್ದು, ಅಜ್ಜಿಯ ಹಿಂದೆ ಹೋದಳು.

ಕಳೆದ ವರ್ಷ ನನ್ನ ಹೆಗಲ ಮೇಲೆ ಕೂತು, ನಾನು ಸಿನಿಮಾ ಹೇಳುವಾಗ ಗಂಟಲ ಮೇಲೆ ಕೈಯಿಟ್ಟು, ಒಳಗೆ ಮೋಟಾರ್ ಇದೆ ಜಜ್ಜಾ ಅಂದಿದ್ದಳು.

ಡಿಸೆಂಬರ್ 24

ವಮಾಲ ಮತ್ತು ಬೆಳಿಗ್ಗೆ ಬಂದಿಳಿದ ನಲ್ವೋಗ ಹಲಸಿನ ಮರದ ಕೆಳಗೆ ಗುಸುಗುಸು. ನಾನು ಹೋದರೆ ಮಾತು ನಿಲ್ಲುತ್ತದೆ. ನನ್ನ ಮುಂದೆ ಗುಟ್ಟು ಮುಚ್ಚಿಡುವುದೇಕೆ? ನಾನು ಯಾರಿಗೆ ಹೇಳಲಿಕ್ಕಿದೆ!

ಹಾಲ್‌ನ ಬೀಗದ ಕೈ ಕೇಳಿದ ವಮಾಲ. ಯಾಕೆ ಅಂತ ಹುಬ್ಬೆತ್ತಿದೆ. ಕಸ ಗುಡಿಸೋಕೆ ಅಪ್ಪಾ ಅಂದ. ಸುಳ್ಳು ಹೇಳುವಾಗ ಚಿಕ್ಕಂದಿನಿಂದ ಅವನ ಕಿವಿ ಕೆಂಪಾಗುತ್ತದೆ. ಕೊಟ್ಟೆ.

ಡಿಸೆಂಬರ್ 25, ಸಂಜೆ, ಇನ್ನೂ ಬೆಳಕಿದೆ

ಮೊದಲಿಂದ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಚರ್ಚಿನಿಂದ ಬಂದೆವು. ಹೆಂಗಸರೆಲ್ಲ ಹೊಸ ಗೊಮೆಸಿ ಉಟ್ಟಿದ್ದರು, ಸೊಂಟದ ಪಟ್ಟಿ ನೆಲಕ್ಕೆ ತಾಗುವ ಹಾಗೆ. ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಕೋಳಿ, ಮಟೋಕೆ ಬಾಳೆಕಾಯಿಯ ಬಿಸಿ ಮುದ್ದೆ, ಶೇಂಗಾ ಸಾರು. ವಾಸನೆ ನನಗೆ ಅಷ್ಟಾಗಿ ತಿಳಿಯುವುದಿಲ್ಲ ಈಗ. ಎಲೆ ಬಿಚ್ಚಿದಾಗ ಉಳಿದವರ ಮುಖ ನೋಡಿಯೇ ತಿಳಿದುಕೊಂಡೆ.

ಊಟವಾದ ಮೇಲೆ ವಮಾಲ ಎಲ್ಲರನ್ನೂ ಎಬ್ಬಿಸಿದ. ಹಾಲ್‌ಗೆ ನಡೀರಿ ಅಂದ. ಅಮ್ಮ ಎಲ್ಲರಿಗಿಂತ ಮುಂದೆ ಕೋಲೂರಿ ಹೊರಟಳು. ನಾನು ನಂಬೂಜೆಯ ಕಡೆ ನೋಡಿದೆ. ಅವಳು ತಲೆಯಾಡಿಸಿದಳು, ನನಗೂ ಗೊತ್ತಿಲ್ಲ ಅಂತ.

ಬೆಂಚು ಒರೆಸಿಟ್ಟಿದ್ದ. ಪರದೆ ಕಟ್ಟಿದ್ದ. ಲೈಟ್ ಆರಿಸಿದ. ಹಿಮ ಬೀಳತೊಡಗಿತು... ಅಷ್ಟರಲ್ಲಿ ಒಂದು ಗಂಡಸಿನ ದನಿ ಹಾಲ್ ತುಂಬ ಗುಡುಗಿತು.

ನನ್ನ ದನಿ.

ಯಾರೋ ಹಳೇ ಗಿರಾಕಿ ಯಾವುದೋ ಕಾಲದಲ್ಲಿ ಹಾಲ್‌ನಲ್ಲಿ ಕೂತು ಕ್ಯಾಸೆಟ್‌ಗೆ ತುಂಬಿಕೊಂಡಿದ್ದನಂತೆ. ವಮಾಲ ಅದನ್ನು ಹುಡುಕಿ, ಕಂಪಾಲದಲ್ಲಿ ಯಾರ ಹತ್ತಿರವೋ ಸಿನಿಮಾಕ್ಕೆ ಜೋಡಿಸಿ ತಂದಿದ್ದ. "ನೋಡಿ ಮಹನೀಯರೇ, ನಮ್ಮ ಕಟೊಂಗೊಲೆ ಲಾರಿ ಹತ್ತಿದ! ಲುಕಾಯದ ರಸ್ತೆಗುಂಡಿ ದಾಟಿದವನಿಗೆ ಈ ಬೆಟ್ಟ ಯಾವ ಲೆಕ್ಕ!" ಆ ಲಾರಿಯವನಿಗೆ ನಾನೇ ಇಟ್ಟ ಹೆಸರು ಕಟೊಂಗೊಲೆ. ಎಂಥ ದನಿ ಅದು. ಎಂಥ ಸೊಕ್ಕು, ಎಂಥ ಖುಷಿ. ಸತ್ತವನೊಬ್ಬ ಎದ್ದು ಬಂದು ನನ್ನ ಮನೆಯವರನ್ನು ನಗಿಸುತ್ತಿದ್ದ ಹಾಗಿತ್ತು. ಆದರೆ ಯಾರೂ ನಗುತ್ತಿರಲಿಲ್ಲ. ನಲ್ವೋಗ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು. ಕಿರಾಬೊ ಪರದೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿ ಮುಚ್ಚಿತ್ತು, ನನ್ನ ದನಿ ಆಡುತ್ತಿತ್ತು.

ಎದ್ದುಬಿಡೋಣ ಅನ್ನಿಸಿತು.

ಅಮ್ಮ ಕೋಲಿನಿಂದ ನೆಲ ಕುಟ್ಟಿದಳು.

"ನಿಲ್ಸೋ ಅದನ್ನ. ನನ್ನ ಮಗ ಇಲ್ಲಿ ಕೂತಿದ್ದಾನೆ. ಅಲ್ಲಿ ಯಾರದು ಮಾತಾಡ್ತಿರೋದು?"

ವಮಾಲ ನಿಲ್ಲಿಸಿದ. ಪಾಪ, ಕುಸಿದೇಹೋಗಿದ್ದ. ನಿಮಗೆ ಖುಷಿ ಆಗ್ಲಿ ಅಂತ ಅಪ್ಪಾ, ಅಂದ. ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಕತ್ತಲಲ್ಲಿ ಸ್ಲೇಟು ಕಾಣುವುದಿಲ್ಲ, ಹೇಗೆ ಹೇಳಲಿ? ಎಲ್ಲರೂ ತಲೆ ತಗ್ಗಿಸಿದರು. ಅಮ್ಮ ಮಾತ್ರ ಪರದೆಯ ಕಡೆಗೇ ಮುಖ ಮಾಡಿ ಕಾಯುತ್ತಿದ್ದಳು. ಅವಳಿಗೆ ಸಿನಿಮಾ ಬೇಕು. ಹೇಳುವವನು ಇಲ್ಲ.

ಆಗ ಹಿಂದಿನಿಂದ, ಬಾಗಿಲ ಹತ್ತಿರದಿಂದ, ನಂಬೂಜೆ ಮಾತಾಡಿದಳು. ಅದು ಅವಳ ಮಾಮೂಲಿ ಜಾಗ. ಹಾಲ್ ನಡೆದಷ್ಟು ಕಾಲ ಅಲ್ಲೇ ನಿಂತು ಟಿಕೆಟ್ ಹರಿದವಳು, ಶೇಂಗಾ ಮಾರಿದವಳು.

"ವಮಾಲ, ಬರೀ ಸಿನಿಮಾದ್ದು ಡಿಸ್ಕ್ ಇದೆಯಲ್ಲ, ಅದನ್ನ ಹಾಕು. ಸದ್ದು ಪೂರ್ತಿ ತೆಗೀಬೇಡ, ಸ್ವಲ್ಪ ಇರ್ಲಿ."

ಹಾಕಿದ. ಅವಳು ಮೈಕ್ ಹಿಡಿಯಲಿಲ್ಲ. ಪರದೆಯ ಪಕ್ಕ ಬಂದು ನಿಂತು, ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲಿ ಶುರು ಮಾಡಿದಳು. ಹಿಮ ಬೀಳ್ತಾ ಇದೆ ಅತ್ತೆ, ಅಂದಳು. ಅಷ್ಟೇ. ಆಮೇಲೆ ಸುಮ್ಮನಾದಳು.

ಮರೆತುಬಿಟ್ಟಳು ಅಂದುಕೊಂಡೆ. ತುಂಬಿಸು, ತುಂಬಿಸು, ಖಾಲಿ ಬಿಡಬೇಡ — ಇಷ್ಟು ವರ್ಷದ ಅಭ್ಯಾಸ ನನ್ನದು. ಅವಳು ಬಿಟ್ಟಳು. ಆ ಖಾಲಿಯಲ್ಲಿ ಒಂದು ಸದ್ದು ಕೇಳಿಸಿತು. ಕರ್... ಕರ್... ಲಾರಿಯವನು ಹಿಮದ ಮೇಲೆ ನಡೆಯುತ್ತಿದ್ದ. ಹಿಮಕ್ಕೆ ಸದ್ದಿದೆ! ಈ ಸಿನಿಮಾ ಎಷ್ಟು ಸಲ ಹೇಳಿದ್ದೇನೋ ದೇವರೇ ಬಲ್ಲ, ಆ ಸದ್ದು ಇವತ್ತೇ ಮೊದಲು ಕೇಳಿದ್ದು.

ಲಾರಿ ಚಹಾದಂಗಡಿಯ ಮುಂದೆ ನಿಂತಿತು. ಸಿಕ್ಕಿಬಿದ್ದ ಜನವೆಲ್ಲ ಅಲ್ಲಿದ್ದಾರೆ. ಇಲ್ಲಿ ನಾನು ಎಂಜಿನ್ ಸದ್ದು ಮಾಡುತ್ತಿದ್ದೆ, ಜನ ಚಪ್ಪಾಳೆ ತಟ್ಟುತ್ತಿದ್ದರು.

"ಎಲ್ಲರೂ ಲಾರಿ ನೋಡ್ತಿದ್ದೀರಿ," ಅಂದಳು ನಂಬೂಜೆ. "ಲಾರಿ ಎಲ್ಲಿಗೂ ಓಡಿಹೋಗಲ್ಲ. ಈ ಕಡೆ ನೋಡಿ, ಕಿಟಕಿ ಒಳಗೆ. ಕೆಟಲ್ ಹಿಡ್ಕೊಂಡು ಒಬ್ಬಳು ನಿಂತಿದ್ದಾಳೆ. ಅವಳ ಹೆಸರು ಈ ಸಿನಿಮಾದಲ್ಲಿ ಯಾರೂ ಕೇಳಲ್ಲ. ಅದಕ್ಕೇ ನಾನೇ ಇಟ್ಟಿದ್ದೀನಿ, ನಸುಬುಗ ಅಂತ."

ನೋಡಿದೆ. ಇದ್ದಳು. ಕೆಂಪು ಸ್ವೆಟರಿನ ಹೆಂಗಸು, ಐವತ್ತರ ಹತ್ತಿರ. ಎಲ್ಲರ ಲೋಟಕ್ಕೂ ಚಹಾ ಬಗ್ಗಿಸುತ್ತಾಳೆ. ಬಗ್ಗಿಸುವಾಗಲೆಲ್ಲ ಗೋಡೆಯ ಮೇಲಿನ ಫೋನಿನ ಕಡೆ ಒಮ್ಮೆ ನೋಡುತ್ತಾಳೆ. ಅಲ್ಲಿ ಫೋನ್ ಇತ್ತೇ? ಈ ಹೆಂಗಸು ಇದ್ದಳೇ? ಮೈಕ್ ಹಿಡಿದು ಪರದೆಗೆ ಅಂಟಿಕೊಂಡೇ ನಿಂತಿದ್ದವನು ನಾನು. ನನ್ನ ಕಣ್ಣು ಸ್ಟೀರಿಂಗಿನ ಮೇಲಿತ್ತು.

ನಂಬೂಜೆಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಬಾಗಿಲಲ್ಲಿ ನಿಂತವಳಿಗೆ ನನ್ನ ಗದ್ದಲದಲ್ಲಿ ಸಿನಿಮಾದ ಮಾತು ಹೇಗೂ ಕೇಳಿಸುತ್ತಿರಲಿಲ್ಲ. ಅವಳು ಮುಖಗಳನ್ನು ನೋಡಿದ್ದಳು. ಪರದೆಯ ಮೂಲೆಗಳನ್ನು ನೋಡಿದ್ದಳು. ಈ ಮುದುಕ ಹೆಂಡತಿಯ ಕೈ ಹಿಡಿದ, ನೋಡಿ ಅತ್ತೆ, ಅವಳಿಗೆ ತಿಳೀದಿರ್ಲಿ ಅಂತ ನಿಧಾನಕ್ಕೆ, ಅಂದಳು. ಈ ಹುಡುಗನಿಗೆ ಶೂ ಚುಚ್ತಾ ಇದೆ, ಆದ್ರೆ ಹೊಸದು, ಬಿಚ್ಚಲ್ಲ, ಅಂದಳು. ಅದೆಲ್ಲ ಅಲ್ಲೇ ಇತ್ತು, ಪರದೆಯ ಮೇಲೆಯೇ. ಅವಳು ಬೆರಳು ತೋರಿಸಿದ ಕಡೆಯಲ್ಲೆಲ್ಲ ಜನ ಹುಟ್ಟುತ್ತಿದ್ದರು. ಒಂದೇ ಒಂದು ಲಾರಿಯಿದ್ದ ಸಿನಿಮಾದಲ್ಲಿ ಒಂದು ಊರೇ ಇತ್ತು.

ಅಮ್ಮ ಹಿಟ್ಟು ಚೆಲ್ಲಿದವರನ್ನು ಬೈಯುವುದನ್ನೇ ಮರೆತಳು.

ಮತ್ತೊಂದು ಮೌನ ಬಂತು. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ನನಗೆ ಬಿಗಿಹಿಡಿಯಲಾಗುವುದಿಲ್ಲ. ನನ್ನ ಕುತ್ತಿಗೆಯ ತೂತಿನ ಸದ್ದು ಇಡೀ ಹಾಲ್‌ಗೆ ಕೇಳಿಸುತ್ತಿತ್ತು. ನಾಚಿಕೆಯಾಗಿ ಕೈ ಅಡ್ಡ ಹಿಡಿದೆ. ಏನೋ ಮೊಣಕಾಲಿಗೆ ತಾಗಿತು. ಕಿರಾಬೊ. ಕತ್ತಲಲ್ಲಿ ಹತ್ತಿರ ಬಂದಿದ್ದಳು. ನನ್ನ ಕೈ ಸರಿಸಿ, ಬಟ್ಟೆಗೆ ಕಿವಿ ಹಚ್ಚಿದಳು.

"ಜಜ್ಜಾ, ನಿನ್ನೊಳಗೂ ಯಾರೋ ಹಿಮದಲ್ಲಿ ನಡೀತಿದ್ದಾರೆ."

ತೊಡೆ ಹತ್ತಿ ಕೂತಳು. ಸಿನಿಮಾ ಮುಗಿಯುವವರೆಗೂ ಇಳಿಯಲಿಲ್ಲ.

ಕೊನೆ. ಎಲ್ಲರೂ ಮನೆ ಮುಟ್ಟಿದ್ದಾರೆ, ಲಾರಿಯವನು ಮಗಳನ್ನು ಎತ್ತಿಕೊಂಡಿದ್ದಾನೆ. ಇಲ್ಲಿಗೆ ನನ್ನ ಲೆಕ್ಕದಲ್ಲಿ ಸಿನಿಮಾ ಮುಗಿಯುತ್ತಿತ್ತು. ಹೆಸರುಗಳು ಬರುವ ಮೊದಲೇ ನಾನು ಕೂಗಲು ಶುರು: ಬರುವ ಶನಿವಾರ ತಪ್ಪದೆ ಬನ್ನಿ, ಗುದ್ದಾಟದ ಸಿನಿಮಾ, ಹೆಂಡತಿಗೆ ಹೇಳದೆ ಬನ್ನಿ!

ಇವತ್ತು ಯಾರೂ ಕೂಗಲಿಲ್ಲ. ಪರದೆ ಮತ್ತೆ ಚಹಾದಂಗಡಿಗೆ ಹೋಯಿತು. ಖಾಲಿ. ಕೆಂಪು ಸ್ವೆಟರಿನವಳು ಒಬ್ಬಳೇ ಲೋಟ ತೊಳೆಯುತ್ತಿದ್ದಾಳೆ. ದೀಪ ಆರಿಸುತ್ತಾಳೆ. ಪರದೆ ಕಪ್ಪಾಯಿತು.

ಆ ಕಪ್ಪಿನಲ್ಲಿ ಫೋನ್ ರಿಂಗಾಯಿತು.

ಒಂದು ಸಲ. ಎರಡು ಸಲ. ಚಪ್ಪಲಿಯ ಓಟ. ಎತ್ತಿದ ಸದ್ದು. ಮುಗಿಯಿತು.

ಇಷ್ಟು ವರ್ಷ, ಪ್ರತಿ ಕ್ರಿಸ್‌ಮಸ್, ಈ ಹಾಲ್‌ನಲ್ಲಿ ಆ ಫೋನ್ ರಿಂಗಾಗಿದೆ.

ನಂಬೂಜೆ ಹೇಳಿದಳು — ಫೋನ್ ಮಾಡಿದ್ದು ಯಾರು ಅಂತ ಸಿನಿಮಾ ಹೇಳಲ್ಲ. ಪ್ರತಿ ವರ್ಷ ಜನಕ್ಕೆ ಬಾಗಿಲು ತೆಗೀತಾ ನನ್ನಷ್ಟಕ್ಕೆ ಕೇಳ್ಕೊತೀನಿ. ನೀವು ಹೇಳಿ.

"ಮಗ," ಅಂದಳು ಅಮ್ಮ ತಟ್ಟನೆ. "ಮಕ್ಕಳು ಹಂಗೇ. ಎಲ್ಲಾ ಮುಗಿದು ದೀಪ ಆರಿಸಿದ್ಮೇಲೆ ನೆನಪಾಗುತ್ತೆ."

ವಮಾಲನ ಕಿವಿ ಕೆಂಪಾಯಿತು ಅಂತ ಕತ್ತಲಲ್ಲೂ ನಾನು ಆಣೆ ಮಾಡಿ ಹೇಳಬಲ್ಲೆ. ನಲ್ವೋಗ, ಗಂಡ ಇರಬೇಕು, ಜಗಳ ಆಡ್ಕೊಂಡು ಹೋಗಿದ್ದಾನೆ ಅಂದಳು. ಕಿರಾಬೊಗೆ ಅನುಮಾನವೇ ಇರಲಿಲ್ಲ. ಲಾರಿಯವನು, ಚಹಾಕ್ಕೆ ಥ್ಯಾಂಕ್ಸ್ ಹೇಳೋಕೆ ಮರ್ತಿದ್ದ.

ಎಲ್ಲರೂ ನನ್ನ ಕಡೆ ತಿರುಗಿದರು. ಯಾರು ಲೈಟ್ ಹಾಕಿದರೋ. ಸ್ಲೇಟು ಹುಡುಕಲಿಲ್ಲ. ಬಾಯಿ ಆಡಿಸಿದೆ, ಅಷ್ಟೇ, ಸದ್ದಿಲ್ಲದೆ. ಯಾರಿಗೂ ತಿಳಿಯಲಿಲ್ಲ. ನಂಬೂಜೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು, ಆ ಪರದೆಯ ಮುಖಗಳನ್ನು ನೋಡಿದ ಹಾಗೆ.

"ರಾಂಗ್ ನಂಬರ್ ಅಂತೆ," ಅಂದಳು.

ಹಾಲ್ ಬಿದ್ದುಹೋಗುವ ಹಾಗೆ ನಕ್ಕರು. ಅಮ್ಮನಿಗೆ ಕೆಮ್ಮು ಬಂತು. ಹೊಟ್ಟೆ ಹಿಡಿದು ನಾನೂ ನಕ್ಕೆ, ಬಟ್ಟೆ ಬಾವುಟದ ಹಾಗೆ ಪಟಪಟ ಹಾರಿತು.

ಡಿಸೆಂಬರ್ 26, ಬೆಳಿಗ್ಗೆ

ಜಗುಲಿಯಲ್ಲಿ ಇಬ್ಬರೇ ಶೇಂಗಾ ಸುಲಿಯುತ್ತ ಕೂತಿದ್ದೆವು. ಸ್ಲೇಟಿನಲ್ಲಿ ಬರೆದೆ: ಆ ಹೆಂಗಸಿನ ವಿಷಯ ಯಾಕೆ ಯಾವತ್ತೂ ಹೇಳಲಿಲ್ಲ?

ಓದಿದಳು. ಎರಡು ಕಾಯಿ ಸುಲಿದಳು.

"ನೀವು ಉಸಿರು ತಗೊಂಡಾಗ ಹೇಳೋಣ ಅಂತಿದ್ದೆ, ವಮಾಲನ ಅಪ್ಪ. ನೀವು ತಗೊಳ್ಳಲೇ ಇಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿದಳು. ನಿಮ್ಮ ಲಾರಿಯೂ ಚೆನ್ನಾಗಿಯೇ ಇತ್ತು, ಜನ ಅದಕ್ಕೇ ಬರ್ತಿದ್ರು ಅಂತ ಸೇರಿಸಿದಳು. ಆಮೇಲೆ ಬೇರೆ ಬೇರೆ ಸಿನಿಮಾಗಳ ಬಗ್ಗೆ ಹೇಳುತ್ತ ಹೋದಳು. ಗುದ್ದಾಟದ ಸಿನಿಮಾದಲ್ಲಿ ಖಳನ ಮನೆಯ ಅಡುಗೆಯವನು ಹೆದರಿ ಮೇಜಿನ ಕೆಳಗೆ ಕೂತು ಊಟ ಮುಗಿಸುತ್ತಾನಂತೆ. ಕುದುರೆಯ ಸಿನಿಮಾದಲ್ಲಿ ಒಂದು ನಾಯಿ ಕೊನೆಯವರೆಗೂ ಯಜಮಾನನನ್ನು ಹುಡುಕುತ್ತದಂತೆ. ನಾನು ಸುಲಿಯುವುದನ್ನೇ ಬಿಟ್ಟು ಕೇಳಿದೆ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೇವೆ. ಆ ತಲೆಯೊಳಗೆ ಇಷ್ಟೆಲ್ಲ ಸಿನಿಮಾ ಓಡುತ್ತಿತ್ತು!

ಡಿಸೆಂಬರ್ 28

ಸುದ್ದಿ ಹರಡಿದೆ. ಅಮ್ಮನ ಕೆಲಸ. ಚರ್ಚಿನಲ್ಲಿ, ಬಾವಿಯ ಹತ್ತಿರ, ಸೊಸೆಯ ಸಿನಿಮಾ ಅಂತ ಹೇಳಿಕೊಂಡು ತಿರುಗಿದ್ದಾಳೆ. ಹೆದ್ದಾರಿಯಲ್ಲಿ ಬಸ್ಸು ಲಾರಿಯವರಿಗೆ ಸುಟ್ಟ ಬಾಳೆಹಣ್ಣು, ಕೋಳಿ ಮಾರುವ ಹೆಂಗಸರು ಗುಂಪಾಗಿ ಬಂದರು. ಹೊಸ ವರ್ಷದ ದಿನ ಮಧ್ಯಾಹ್ನ ತಮಗೂ ಒಂದು ಸಿನಿಮಾ ಹೇಳಬೇಕು ಅಂದರು. ನಂಬೂಜೆ ಒಳಗೆ ಓಡಿಹೋದಳು. ಮನೆಯವರ ಮುಂದೆ ಬೇರೆ, ಊರ ಮುಂದೆ ಬೇರೆ, ನನ್ನ ಬಾಯಿ ಒಣಗಿಹೋಗುತ್ತೆ ಅಂದಳು.

ಅದೇ ಹೊತ್ತಿಗೆ ಕಗಿಮು ಬೀಗದ ಕೈಗೆ ಬಂದ. ಅದು ಜೇಬಿನಲ್ಲೇ ಇತ್ತು. ತೆಗೆದೆ. ಕೊಡಲು ಹೋದೆ ಕೂಡ. ಹೆಂಗಸರೆಲ್ಲ ನೋಡುತ್ತಿದ್ದರು. ಬಾಗಿಲ ಮರೆಯಲ್ಲಿ ನಂಬೂಜೆ ನೋಡುತ್ತಿದ್ದಳು — ಕೊಡಬೇಡಿ ಅಂತ ಅವಳು ಹೇಳಲಿಲ್ಲ, ಮುಖವೂ ಹೇಳಲಿಲ್ಲ. ಆದರೆ ಒಂದು ಕೈಯಲ್ಲಿ ಇನ್ನೊಂದು ಕೈಯ ಬೆರಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನೂ ಮೂಲೆಗಳನ್ನು ನೋಡಲು ಕಲಿಯುತ್ತಿದ್ದೇನೆ.

ಕಗಿಮುಗೆ ಸ್ಲೇಟಿನಲ್ಲಿ ಬರೆದೆ: ಕ್ಷಮಿಸು. ಮ್ಯಾಚ್ ಇದ್ದಾಗ ಬಾ, ತೋರಿಸು. ಹಾಲ್ ಅವಳದು.

ಅವನು ಓದಿ, ನಕ್ಕು, ಹಾಗಾದ್ರೆ ನನಗೂ ಒಂದು ಬೆಂಚು ಇಡಿ ಅಂದ.

ಜನವರಿ 1, ಮಧ್ಯಾಹ್ನ

ಹಾಲ್ ಒಳಗೆ ಕೂತು ಬರೆಯುತ್ತಿದ್ದೇನೆ. ಬಾಗಿಲ ಹತ್ತಿರ, ಸ್ಟೂಲಿನ ಮೇಲೆ. ಟಿಕೆಟ್ ಹರಿಯುವ ಕೆಲಸ ನನ್ನದು. ಬೆಂಚು ಸಾಲದೆ ಜನ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದಾರೆ. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ. ಮೊದಲೆಲ್ಲ ನನ್ನ ಹಾಲ್‌ಗೆ ಬರುತ್ತಿದ್ದವರು ಗಂಡಸರು. ಅಮ್ಮ ಮುಂದಿನ ಸಾಲಿನಲ್ಲಿ, ರಾಜಮಾತೆಯ ಹಾಗೆ.

ಹಿಮದ ಲಾರಿಯೇ ಹಾಕೋಣ ಅಂದಿದ್ದೆ, ಸ್ಲೇಟಿನಲ್ಲಿ. ನಂಬೂಜೆ ಬೇಡ ಅಂದಳು. ನೋಡಿದ್ದನ್ನೇ ಹೇಳಿದ್ರೆ ಬಾಯಿಪಾಠ ಆಗುತ್ತೆ, ನಾವಿಬ್ಬರೂ ನೋಡದೇ ಇರೋದನ್ನ ಹಾಕಿ ಅಂದಳು. ವಮಾಲ ಒಂದು ತಂದುಕೊಟ್ಟಿದ್ದಾನೆ. ಡಿಸ್ಕ್ ಮೇಲೆ ಸಮುದ್ರದ ಚಿತ್ರವಿದೆ, ಒಂದು ದೋಣಿ ಇದೆ. ಬೇರೇನೂ ತಿಳಿಯದು. ಅವಳ ಕೈ ತಣ್ಣಗಿತ್ತು. ಹಿಡಿದು ಬಿಸಿ ಮಾಡಿ ಕಳಿಸಿದೆ.

ಲೈಟ್ ಆರಿತು. ಪರದೆಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ನೀರು. ತುಂಬ ನೀರು. ನಮ್ಮ ಕೆರೆಗಿಂತ ದೊಡ್ಡದು, ನಮ್ಮ ದೊಡ್ಡ ಸರೋವರಕ್ಕಿಂತಲೂ. ದೋಣಿಯಲ್ಲಿ ಒಂದು ಸಂಸಾರ ಇದೆ. ಅಪ್ಪ ಏನೋ ಕೂಗುತ್ತಿದ್ದಾನೆ. ನಂಬೂಜೆ ಇನ್ನೂ ಮಾತಾಡಿಲ್ಲ. ಜನ ಕಾಯುತ್ತಿದ್ದಾರೆ. ಅವಳು ನೋಡುತ್ತಿದ್ದಾಳೆ... ನೋಡಲಿ. ಅವಸರವಿಲ್ಲ.

ಕೈ ಎತ್ತಿದಳು. ದೋಣಿಯ ತುದಿಗೆ ಬೆರಳು ತೋರಿಸುತ್ತಿದ್ದಾಳೆ. ಅಲ್ಲಿ ಯಾರೂ ಇಲ್ಲವಲ್ಲ — ತಡಿ, ಇದ್ದಾರೆ, ಬುಟ್ಟಿಯ ಹಿಂದೆ, ಒಬ್ಬ ಚಿಕ್ಕ ಹುಡುಗ. ಬರೆದದ್ದು ಸಾಕು, ನೋಡಬೇಕು.